ಪಾಸ್‌ಪೋರ್ಟ್ ತೋರಸು, ಆಮ್ಯಾಲೆ ನಮ್ಮಂವಾ ಅಂತೀವಿ!

ಗೆಳೆಯರೆ, ಇವತ್ತಿನದು ಸ್ವಲ್ಪ ಖಾರದ ಬರಹ. ಮೊದಲೇ ಹೇಳಿಬಿಡ್ತೀನಿ. ಪಕ್ಕಕ್ಕೆ ಒಂದು ತುಂಡು ಪೇಡಾ ಇಟ್ಟುಕೊಂಡು ಓದಿ.

2023ರ ನವೆಂಬರ್ 4ರಂದು ವಿಶ್ವಕಪ್ಪಿನಲ್ಲಿ ರಚಿನ್ ರವೀಂದ್ರ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಪಾಕಿಸ್ತಾನದ ವಿರುದ್ಧ 108 ಹೊಡೆದಾಗ ನಾವೆಲ್ಲ ಏನಂದ್ವಿ? "ನಮ್ಮ ಹುಡುಗ!" ಅಪ್ಪ ಅಮ್ಮ ಬೆಂಗಳೂರಿನವರು, ಮತ್ತಿನ್ನೇನು ಬೇಕು? ವರ್ಷ ತುಂಬುವ ಮೊದಲೇ, 2024ರ ಅಕ್ಟೋಬರಿನಲ್ಲಿ, ಅದೇ ಹುಡುಗ ಅದೇ ಮೈದಾನದಲ್ಲಿ ನಮ್ಮ ಮೇಲೇ 134 ಹೊಡೆದ. ನಾವು ಮೊದಲ ಇನ್ನಿಂಗ್ಸಿನಲ್ಲಿ 46ಕ್ಕೆ ಆಲೌಟ್. 1988ರ ನಂತರ ನ್ಯೂಜಿಲೆಂಡ್ ನಮ್ಮ ನೆಲದಲ್ಲಿ ಟೆಸ್ಟ್ ಗೆದ್ದಿದ್ದು ಅದೇ ಮೊದಲು. ಅವತ್ತು ಸಂಜೆ ಹುಬ್ಬಳ್ಳಿಯ ಚಹಾದಂಗಡಿ ಮುಂದೆ ನಾನು ಕೇಳಿದ ಮಾತು ಇದು: "ಎಷ್ಟಂದ್ರೂ ಪರದೇಶಿ ಬಿಡಲೇ. ಇಲ್ಲೀ ಅನ್ನಾ ತಿಂದಿದ್ರ ಹಿಂಗ ಹೊಡೀತಿದ್ನೇನು?"

ಸ್ವಾಮೀ, ಆ ಹುಡುಗ ಹುಟ್ಟಿದ್ದು ವೆಲಿಂಗ್ಟನ್ನಿನಲ್ಲಿ, 1999ರಲ್ಲಿ. ಬೆಳೆದಿದ್ದು ಅಲ್ಲಿ, ಅಂಡರ್-19 ಆಡಿದ್ದು ಆ ದೇಶಕ್ಕೆ. ಅವನು ಯಾರನ್ನೂ ಬಿಟ್ಟು ಹೋದವನಲ್ಲ. ಹೊಡೆದಾಗ ನಮ್ಮವ, ನಮಗೇ ಹೊಡೆದಾಗ ಪರದೇಶಿ ಅಂದರೆ ಅದೆಂಥ ನೆಂಟಸ್ತನ? ಮದುವೆ ಊಟಕ್ಕೆ ಮಾತ್ರ ನೆನಪಾಗುವ ನೆಂಟರ ಹಾಗಾಯ್ತು ನಮ್ಮ ಕಥೆ.

ಇರಲಿ, ಅದು ಕ್ರಿಕೆಟ್ಟು. ಎರಡು ದೇಶದ ನಂಟಿರುವ ಆಟಗಾರ ಯಾವ ದೇಶದ ಅಂಗಿ ತೊಡಬೇಕು ಅನ್ನೋ ಪ್ರಶ್ನೆ ನಿಜವಾಗಿ ಕುದಿಯೋದು ಫುಟ್‌ಬಾಲಿನಲ್ಲಿ. ಅದು ಈಗ ನಮ್ಮ ಮನೆ ಬಾಗಿಲಿಗೇ ಬಂದಿದೆ. ಹಾಗಾಗಿ ಈ ಬರಹ.

ರಾಯನ್ ವಿಲಿಯಮ್ಸ್ ಮತ್ತು ನಮ್ಮ ಚಪ್ಪಾಳೆ

ರಾಯನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪರ್ತ್ ಕಡೆಯವರು. ಇಂಗ್ಲೆಂಡಿನಲ್ಲಿ ಫುಲ್ಹಮ್, ಪೋರ್ಟ್ಸ್‌ಮತ್‌ನಂಥ ಕ್ಲಬ್ಬುಗಳಲ್ಲಿದ್ದವರು. 2019ರಲ್ಲಿ ಆಸ್ಟ್ರೇಲಿಯಾ ತಂಡಕ್ಕೆ ಒಂದು ಸೌಹಾರ್ದ ಪಂದ್ಯವನ್ನೂ ಆಡಿದರು. 2023ರಲ್ಲಿ ಬೆಂಗಳೂರು ಎಫ್‌ಸಿ ಸೇರಿದರು. ಅವರ ತಾಯಿ ಮುಂಬೈನ ಆಂಗ್ಲೋ-ಇಂಡಿಯನ್ ಮನೆತನದವರು. ತಾಯಿಯ ತಂದೆ 1950ರ ದಶಕದಲ್ಲಿ ಬಾಂಬೆ ಪರ ಸಂತೋಷ್ ಟ್ರೋಫಿ ಆಡಿದವರು. 2025ರ ನವೆಂಬರಿನಲ್ಲಿ ರಾಯನ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ಪಡೆದರು, ಭಾರತ ತಂಡದ ಶಿಬಿರಕ್ಕೂ ಬಂದರು.

ನನಗೂ ಖುಷಿಯಾಯಿತು. ಆದರೆ ಸುತ್ತ ಕೇಳಿಬಂದ ಮಾತುಗಳಿಂದ ತಲೆ ಕೆಟ್ಟಿತು. ಒಂದು ಗುಂಪು: "ನೋಡ್ರಿ, ಇದಕ್ಕ ಅಂತಾರ ದೇಶಭಕ್ತಿ! ಉಳಿದ ಎನ್ನಾರೈ ಮಕ್ಕಳಿಗೆ ಯಾಕ ಬರೂದಿಲ್ಲ ಈ ಬುದ್ಧಿ?" ಇನ್ನೊಂದು ಗುಂಪು: "ಆಸ್ಟ್ರೇಲಿಯಾ ಟೀಮಿನ್ಯಾಗ ಜಾಗ ಸಿಗಲಿಲ್ಲ, ಮೂವತ್ತೆರಡಕ್ಕ ಇಲ್ಲಿ ಬಂದಾನ. ಇದರಾಗ ಏನ್ ದೊಡ್ಡಸ್ತಿಕಿ?"

ಮೇಲ್ನೋಟಕ್ಕೆ ಎದುರುಬದುರು ಕಂಡರೂ ಎರಡೂ ಗುಂಪಿನವರ ಕೈಯಲ್ಲಿರೋದು ಒಂದೇ ತಕ್ಕಡಿ. ಒಬ್ಬ ಆಟಗಾರ ಏನು ಬಿಟ್ಟುಕೊಟ್ಟ ಅನ್ನೋದರ ಮೇಲೆ ಅವನ ಪ್ರೀತಿಯನ್ನು ತೂಗುವ ತಕ್ಕಡಿ. ನನ್ನ ತಕರಾರು ಆ ತಕ್ಕಡಿಯ ಬಗ್ಗೆಯೇ. ಆಯ್ಕೆ ಮಾಡುವ ಅವಕಾಶವನ್ನೇ ಕೊಡದೆ ನಿಷ್ಠೆಯ ಲೆಕ್ಕ ಕೇಳುವ ಹಕ್ಕು ನಮಗಿಲ್ಲ.

ಕಾನೂನು ಏನು ಹೇಳುತ್ತೆ?

ಇಲ್ಲಿ ಬಹಳ ಜನ ಎಡವುತ್ತಾರೆ, ಸ್ವಲ್ಪ ನಿಧಾನವಾಗಿ ನೋಡೋಣ.

ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಕಲಮಿನ ಪ್ರಕಾರ, ಭಾರತೀಯನೊಬ್ಬ ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣಕ್ಕೆ ಭಾರತದ ಪೌರತ್ವ ಹೋಯಿತು. ಎರಡೂ ಇಟ್ಟುಕೊಳ್ಳೋ ಹಾಗಿಲ್ಲ. 2005ರ ಕೊನೆಗೆ ಬಂದ ಓಸಿಐ ಕಾರ್ಡಿನ ಹೆಸರಿನಲ್ಲಿ 'ಸಿಟಿಜನ್' ಅಂತ ಇದ್ದರೂ ಅದು ಪೌರತ್ವ ಅಲ್ಲ. ಆಯುಷ್ಯಪೂರ್ತಿ ವೀಸಾ ಅನ್ನಿ, ಅಷ್ಟೇ. ಮತದಾನ ಇಲ್ಲ, ಪಾಸ್‌ಪೋರ್ಟ್ ಇಲ್ಲ.

2008ರವರೆಗೆ ಕೆಲವು ಆಟಗಳಲ್ಲಿ ಸ್ವಲ್ಪ ಸಡಿಲ ಇತ್ತು. ಅಮೆರಿಕದ ಪಾಸ್‌ಪೋರ್ಟ್ ಇದ್ದ ಪ್ರಕಾಶ್ ಅಮೃತರಾಜ್ ಭಾರತದ ಪರ ಡೇವಿಸ್ ಕಪ್ ಆಡಿದ್ದು ನೆನಪಿರಬಹುದು. 2008ರ ಕೊನೆಗೆ ಕೇಂದ್ರ ಕ್ರೀಡಾ ಸಚಿವಾಲಯ ಬಾಗಿಲು ಹಾಕಿತು: ಭಾರತದ ಪಾಸ್‌ಪೋರ್ಟ್ ಇದ್ದವರು ಮಾತ್ರ ಭಾರತಕ್ಕೆ ಆಡಬಹುದು.

ಅಂದಿನಿಂದ ಫುಟ್‌ಬಾಲ್ ಪ್ರೇಮಿಗಳದು ಒಂದೇ ಪಲ್ಲವಿ. "ಓಸಿಐ ಹುಡುಗರನ್ನು ಆಡಿಸಿ, ವಿಶ್ವಕಪ್ಪಿಗೆ ಹೋಗ್ತೀವಿ." 2019ರಿಂದ 2024ರವರೆಗೆ ಕೋಚ್ ಆಗಿದ್ದ ಇಗೋರ್ ಸ್ಟಿಮಾಚ್ ಕೂಡ ಇದನ್ನೇ ಹೇಳುತ್ತಿದ್ದರು. ಆದರೆ ಒಂದು ಗಂಟು ಇದೆ. ಸಚಿವಾಲಯ ನಾಳೆ ಬೆಳಿಗ್ಗೆ ಆ ನಿಯಮ ಹರಿದು ಹಾಕಿದರೂ ಫುಟ್‌ಬಾಲಿಗೆ ಲಾಭ ಇಲ್ಲ. ಯಾಕೆಂದರೆ ಫಿಫಾ ನಿಯಮದ ಪ್ರಕಾರ ಆಟಗಾರ ಆ ದೇಶದ ಕಾಯಂ ಪ್ರಜೆ ಆಗಿರಲೇಬೇಕು. ಫಿಫಾ ಕೇಳೋದು ಪೌರತ್ವ. ಓಸಿಐ ಕಾರ್ಡು ತೋರಿಸಿದರೆ ಆಗೋದಿಲ್ಲ. ಅಂದರೆ ನಿಜವಾದ ಬೀಗ ಇರೋದು ಪೌರತ್ವ ಕಾಯ್ದೆಯಲ್ಲಿ. ಕ್ರೀಡಾ ಸಚಿವಾಲಯವನ್ನು ಬೈದು ಕೂತರೆ ಬೀಗ ತೆಗೆಯೋದಿಲ್ಲ.

ಓಸಿಐ ಇದ್ದವರು ಭಾರತದ ಪ್ರಜೆ ಆಗಲು ದಾರಿ ಇದೆ. ಐದು ವರ್ಷ ಓಸಿಐ ಆಗಿರಬೇಕು, ವಯಸ್ಕರಾಗಿರಬೇಕು, ಅರ್ಜಿ ಹಾಕುವ ಮುಂಚಿನ ಹನ್ನೆರಡು ತಿಂಗಳು ಇಲ್ಲೇ ವಾಸ ಮಾಡಿರಬೇಕು. ಆಮೇಲೆ ಹಳೆಯ ಪಾಸ್‌ಪೋರ್ಟ್ ಒಪ್ಪಿಸಬೇಕು. ಇದನ್ನು ಹತ್ತೊಂಬತ್ತು-ಇಪ್ಪತ್ತು ವರ್ಷದ ಫುಟ್‌ಬಾಲ್ ಹುಡುಗನಿಗೆ ಅನ್ವಯಿಸಿ ನೋಡಿ. ಯುರೋಪಿನ ಯಾವುದೋ ಅಕಾಡೆಮಿಯಲ್ಲಿ ಬೆವರು ಸುರಿಸುತ್ತಿರುವವನು, ಆಟ ಕಟ್ಟುವ ಆ ವಯಸ್ಸಿನಲ್ಲಿ, ಒಂದು ವರ್ಷ ಇಲ್ಲಿ ಬಂದು ಕೂರಬೇಕು. ಆಮೇಲೆ ಅಲ್ಲಿಗೆ ವಾಪಸ್ ಹೋಗಿ ಆಡಬೇಕೆಂದರೆ ಪರದೇಶದವನಾಗಿ ವರ್ಕ್ ಪರ್ಮಿಟ್ ಸಾಲಿನಲ್ಲಿ ನಿಲ್ಲಬೇಕು. ಇದನ್ನೇ ನಾವು 'ಆಯ್ಕೆ' ಅಂತ ಕರೀತೀವಿ!

ಇಝುಮಿ ಅರಾಟಾ ನೆನಪಿದ್ದಾರಾ? ತಂದೆ ಭಾರತೀಯ, ತಾಯಿ ಜಪಾನಿ, ಹುಟ್ಟಿ ಬೆಳೆದದ್ದು ಜಪಾನಿನಲ್ಲಿ. 2012ರಲ್ಲಿ ಜಪಾನಿನ ಪೌರತ್ವ ಬಿಟ್ಟು ಭಾರತೀಯರಾದರು, 2013ರಲ್ಲಿ ಭಾರತದ ಅಂಗಿ ತೊಟ್ಟರು. ಅವತ್ತಿನಿಂದ ಅವರಿಗೆ ತಾಯಿಯ ಊರಿಗೆ ಹೋಗೋಕೂ ವೀಸಾ ಬೇಕು. ಅವರ ನಂತರ ಆ ದಾರಿಯಲ್ಲಿ ಬಂದು ಸುದ್ದಿಯಾದದ್ದು ರಾಯನ್. ನಡುವೆ ಹದಿಮೂರು ವರ್ಷ. ದಾರಿ ಎಷ್ಟು ಕಿರಿದು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕೇ?

ಪಕ್ಕದ ಮನೆ ನೋಡಿ

ಬಾಂಗ್ಲಾದೇಶ ಏನು ಮಾಡಿತು? ಹಂಝಾ ಚೌಧರಿ ಹುಟ್ಟಿದ್ದು ಇಂಗ್ಲೆಂಡಿನ ಲಫ್‌ಬರೋದಲ್ಲಿ, ಬೆಳೆದಿದ್ದು ಲೆಸ್ಟರ್ ಸಿಟಿ ಕ್ಲಬ್ಬಿನಲ್ಲಿ, ಇಂಗ್ಲೆಂಡಿನ ಅಂಡರ್-21 ತಂಡಕ್ಕೂ ಆಡಿದ್ದ. ತಾಯಿ ಬಾಂಗ್ಲಾದೇಶದವರು. ಬ್ರಿಟಿಷ್ ಪೌರತ್ವದ ಜೊತೆಗೇ ತಮ್ಮ ಪೌರತ್ವ ಇಟ್ಟುಕೊಳ್ಳಲು ಬಾಂಗ್ಲಾದೇಶ ಬಿಡುತ್ತದೆ. ಅವನಿಗೆ ಪಾಸ್‌ಪೋರ್ಟ್ ಕೊಟ್ಟರು, ಫಿಫಾ ಒಪ್ಪಿತು. 2025ರ ಮಾರ್ಚ್ 25ರಂದು ಶಿಲ್ಲಾಂಗಿನಲ್ಲಿ ನಮ್ಮ ವಿರುದ್ಧವೇ ಅವನ ಮೊದಲ ಪಂದ್ಯ. ನಿವೃತ್ತಿಯಿಂದ ವಾಪಸ್ ಬಂದಿದ್ದ ಸುನಿಲ್ ಛೆಟ್ರಿ ನಮ್ಮ ಕಡೆ ಇದ್ದರೂ 0-0.

ನವೆಂಬರ್ 18ರಂದು ಢಾಕಾದಲ್ಲಿ ಮತ್ತೆ ಎದುರಾದೆವು. ಹಂಝಾ ಆಡಿದ. ಢಾಕಾವರೆಗೆ ಹೋಗಿದ್ದ ನಮ್ಮ ರಾಯನ್, ವರ್ಗಾವಣೆಯ ಕಾಗದ-ಪತ್ರ ಪೂರ್ತಿಯಾಗದೆ ಹೊರಗೆ ಕೂತರು. ಬಾಂಗ್ಲಾದೇಶ 1-0 ಗೆದ್ದಿತು, ನಮ್ಮ ಮೇಲೆ ಇಪ್ಪತ್ತೆರಡು ವರ್ಷಗಳ ನಂತರ.

ಗಮನಿಸಿ. ಹಂಝಾ ಏನನ್ನೂ ಕಳೆದುಕೊಳ್ಳಲಿಲ್ಲ. ಅವನ ಬ್ರಿಟಿಷ್ ಪಾಸ್‌ಪೋರ್ಟ್ ಅವನ ಹತ್ತಿರವೇ ಇದೆ. ಹಾಗಂತ ಢಾಕಾದ ಜನ ಅವನನ್ನು ಕಡಿಮೆ ಪ್ರೀತಿಸಿದರಾ? ಹೆಗಲ ಮೇಲೆ ಹೊತ್ತು ಮೆರೆಸಿದರು. ಅವನೇನು ಕಡಿಮೆ ಓಡಿದನಾ?

ಫುಟ್‌ಬಾಲ್ ಜಗತ್ತಿನಲ್ಲಿ ಇದು ದಿನನಿತ್ಯದ ಮಾತು. ಜೆರೋಮ್ ಬೋಟೆಂಗ್ ಜರ್ಮನಿಗೆ ಆಡಿದ, ಅವನಣ್ಣ ಕೆವಿನ್-ಪ್ರಿನ್ಸ್ ಘಾನಾಕ್ಕೆ. 2010ರ ವಿಶ್ವಕಪ್ಪಿನಲ್ಲೂ 2014ರಲ್ಲೂ ಅಣ್ಣ ತಮ್ಮ ಎದುರುಬದುರು ನಿಂತರು. 2016ರ ಯುರೋ ಕಪ್ಪಿನಲ್ಲಿ ಝಾಕಾ ಸಹೋದರರಲ್ಲಿ ಒಬ್ಬ ಸ್ವಿಟ್ಜರ್ಲೆಂಡಿಗೆ, ಇನ್ನೊಬ್ಬ ಅಲ್ಬೇನಿಯಾಕ್ಕೆ. ತಾಯಿ ಅರ್ಧ ಆ ದೇಶದ, ಅರ್ಧ ಈ ದೇಶದ ಬಾವುಟದ ಟೀಶರ್ಟ್ ಹಾಕಿಕೊಂಡು ಬಂದು ಕೂತಿದ್ದಳು. ಆ ತಾಯಿಗೆ ಇರುವ ಬುದ್ಧಿ ನಮಗಿಲ್ಲದಾಯ್ತೆ? 2022ರಲ್ಲಿ ಸೆಮಿಫೈನಲ್ಲಿಗೆ ಹೋದ ಮೊರಾಕೊ ತಂಡದ 26 ಜನರಲ್ಲಿ 14 ಮಂದಿ ಹುಟ್ಟಿದ್ದು ಮೊರಾಕೊದ ಹೊರಗೆ.

ಅಲ್ಲೆಲ್ಲ ಸ್ವರ್ಗ ಇದೆ ಅಂತಲ್ಲ. 2018ರಲ್ಲಿ ಮೆಸುತ್ ಓಝಿಲ್ ಜರ್ಮನಿ ತಂಡ ಬಿಟ್ಟಾಗ ಹೇಳಿದ್ದರ ತಾತ್ಪರ್ಯ ಏನು? ಗೆದ್ದರೆ ಜರ್ಮನ್, ಸೋತರೆ ವಲಸಿಗ. ನಮ್ಮ ಚಹಾದಂಗಡಿ ಮುಂದಿನ "ನಮ್ಮ ಹುಡುಗ – ಪರದೇಶಿ" ಆಟಕ್ಕೂ ಇದಕ್ಕೂ ಏನು ವ್ಯತ್ಯಾಸ, ನೀವೇ ಹೇಳಿ.

ನಮ್ಮ ಮನೆಯ ಮಾತು

ನನ್ನ ತಂಗಿ ಇಂಗ್ಲೆಂಡಿನಲ್ಲಿದ್ದಾಳೆ. ಅವಳ ಮಗನಿಗೆ ಹದಿನೈದು, ಫುಟ್‌ಬಾಲ್ ಹುಚ್ಚ. ಬೇಸಿಗೆ ರಜೆಗೆ ಧಾರವಾಡಕ್ಕೆ ಬಂದಾಗ ಕಂಡ ಕಂಡ ನೆಂಟರೆಲ್ಲ ಅವನ ಗಲ್ಲ ಹಿಂಡಿ ಕೇಳೋದು ಒಂದೇ ಪ್ರಶ್ನೆ: "ಏನಪಾ, ಇಂಡಿಯಾ-ಇಂಗ್ಲೆಂಡ್ ಮ್ಯಾಚ್ ಆದ್ರ ನೀ ಯಾರ ಕಡೆ?" ಅವನು ಏನು ಹೇಳಿದರೂ ನಗು. ಇಂಡಿಯಾ ಅಂದರೆ "ಸುಳ್ಳ ಹೇಳ್ತಾನ", ಇಂಗ್ಲೆಂಡ್ ಅಂದರೆ "ಕೈ ಬಿಟ್ಟ ಹೋದಾ ಹುಡುಗ".

ಒಂದು ಸಂಜೆ ಕೆಸಿಡಿ ಮೈದಾನದ ಕಡೆ ನಡೀತಾ ಅವನೇ ಕೇಳಿದ. "ಮಾಮಾ, ನಾ ಇಂಡಿಯಾಕ್ಕ ಆಡಬೇಕಂದ್ರ ಆಗ್ತದೇನು?" ಕಾನೂನು ವಿವರಿಸಿದೆ. ಹದಿನೆಂಟು ತುಂಬಬೇಕು, ಇಲ್ಲಿ ಬಂದು ಒಂದು ವರ್ಷ ಇರಬೇಕು, ಬ್ರಿಟಿಷ್ ಪಾಸ್‌ಪೋರ್ಟ್ ಬಿಡಬೇಕು. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮತ್ತ ಅಮ್ಮನ್ನ ನೋಡಾಕ ಮನಿಗೆ ಹೋಗಬೇಕಂದ್ರ?" ಅಂದ. ವೀಸಾ ತಗೋಬೇಕಪಾ ಅಂದೆ.

ಮುಂದೆ ಅವನು ಮಾತಾಡಲಿಲ್ಲ. ಅವನು ಅಷ್ಟು ದೊಡ್ಡ ಆಟಗಾರ ಆಗ್ತಾನೋ ಇಲ್ವೋ, ಆ ಮಾತು ಬೇರೆ. ಆದರೆ ತನ್ನ ಅಮ್ಮನ ಮನೆಗೆ ಹೋಗೋಕೆ ವೀಸಾ ಕೇಳಬೇಕಾದ ಹುಡುಗ "ಬೇಡ" ಅಂದರೆ ಅವನನ್ನು ಸ್ವಾರ್ಥಿ ಅನ್ನುವವರ ಮುಖ ನೋಡಬೇಕು ಅನ್ನಿಸಿತು ನನಗೆ. ನಮ್ಮಲ್ಲಿ ಎಷ್ಟು ಜನ ಆಟಕ್ಕಾಗಿ ಅಷ್ಟು ಬಿಟ್ಟುಕೊಟ್ಟಿದ್ದೇವೆ? ಆಧಾರ್ ಕಾರ್ಡಿನ ವಿಳಾಸ ಬದಲಾಯಿಸೋದಕ್ಕೇ ಮೂರು ತಿಂಗಳು ಗೊಣಗುವ ಮಂದಿ ನಾವು.

ಭೀಮಸೇನ ಜೋಶಿ ಯಾರವರು?

ಹುಬ್ಬಳ್ಳಿ-ಧಾರವಾಡದವರಿಗೆ ಈ ವಿಷಯ ಯಾರೂ ಕಲಿಸಬೇಕಾಗಿಲ್ಲ ಅಂತ ನಾನು ಯಾಕೆ ಅಂತೀನಿ ಗೊತ್ತಾ? ನಮ್ಮ ಸಂಗೀತಗಾರರನ್ನು ನೋಡಿ. ಭೀಮಸೇನ ಜೋಶಿ ಗದಗದ ಕಡೆಯವರು, ಬದುಕಿದ್ದು ಪುಣೆಯಲ್ಲಿ. 2002ರಲ್ಲಿ ಮಹಾರಾಷ್ಟ್ರ ಭೂಷಣ, 2005ರಲ್ಲಿ ಕರ್ನಾಟಕ ರತ್ನ. ಎರಡೂ ರಾಜ್ಯ ಕೊಟ್ಟವು, ಅವರು ಎರಡನ್ನೂ ತಗೊಂಡರು. ಕುಮಾರ ಗಂಧರ್ವರು ಬೆಳಗಾವಿ ಜಿಲ್ಲೆಯ ಸುಳೇಭಾವಿಯಿಂದ ಹೊರಟು ಮಧ್ಯಪ್ರದೇಶದ ದೇವಾಸದಲ್ಲಿ ನೆಲೆಸಿದರು. ಮಲ್ಲಿಕಾರ್ಜುನ ಮನಸೂರ ಧಾರವಾಡದಲ್ಲೇ ಉಳಿದರು, ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಲ್ಲೇ. ಹೋದವರಿಗಿಂತ ಉಳಿದವರ ಕನ್ನಡ ಪ್ರೀತಿ ಒಂದು ತೂಕ ಹೆಚ್ಚು ಅಂತ ಯಾರಾದರೂ ಅಂದದ್ದುಂಟೆ? "ಅಣ್ಣಾವ್ರ, ಮೊದಲ ಪುಣೆಯ ರೇಷನ್ ಕಾರ್ಡ್ ಕ್ಯಾನ್ಸಲ್ ಮಾಡಸ್ರಿ, ಆಮ್ಯಾಲೆ ನಮ್ಮವರು ಅಂತೀವಿ" ಅಂತ ಯಾರಾದರೂ ಕೇಳಿದ್ದರಾ?

ಕ್ರಿಕೆಟ್ಟಿನಲ್ಲೇ ನೋಡಿ. ಕರುಣ್ ನಾಯರ್ 2023ರಲ್ಲಿ ಕರ್ನಾಟಕ ಬಿಟ್ಟು ವಿದರ್ಭಕ್ಕೆ ಹೋದ, ಅಲ್ಲಿ ರಣಜಿ ಗೆದ್ದ, 2025ರಲ್ಲಿ ವಾಪಸ್ ಬಂದ. ಯಾರೂ ದ್ರೋಹಿ ಅನ್ನಲಿಲ್ಲ. ಒಂದು ಎನ್ಒಸಿ ಕಾಗದದಲ್ಲಿ ಮುಗಿಯಿತು.

ರಾಜ್ಯ ಬೇರೆ, ದೇಶ ಬೇರೆ ಅಂತೀರಾ? ಒಪ್ಪಿದೆ. ಗಡಿಯಲ್ಲಿ ಸೈನಿಕರಿದ್ದಾರೆ, ಪಾಸ್‌ಪೋರ್ಟಿಗೆ ಬೇರೆಯೇ ಭಾರ ಇದೆ. ಆದರೆ ನಾನು ಕೇಳುತ್ತಿರೋದು ಮನಸ್ಸಿನ ವಿಷಯ. ಒಂದು ಮನಸ್ಸಿನಲ್ಲಿ ಎರಡು ಊರು ಇರಬಹುದು ಅಂತ ಭೀಮಸೇನರ ವಿಷಯದಲ್ಲಿ ಒಪ್ಪುವ ನಾವು ಒಬ್ಬ ಮಿಡ್‌ಫೀಲ್ಡರ್ ವಿಷಯದಲ್ಲಿ ಯಾಕೆ ಒಪ್ಪಲ್ಲ?

ಇನ್ನೊಂದು ಹಳೆಯ ಕಥೆ. ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಸಾವಿರಾರು ಆಂಗ್ಲೋ-ಇಂಡಿಯನ್ ಕುಟುಂಬಗಳು ಭಾರತ ಬಿಟ್ಟವು. ನಮ್ಮ ಹುಬ್ಬಳ್ಳಿ ರೈಲ್ವೆ ಕಾಲೊನಿಯ ಹಳಬರನ್ನು ಕೇಳಿ, ಇಂಗ್ಲೆಂಡಿಗೆ, ಆಸ್ಟ್ರೇಲಿಯಾಕ್ಕೆ ಹೋದ ನೆರೆಹೊರೆಯವರ ಸುದ್ದಿ ಹೇಳ್ತಾರೆ. ಜಬಲ್ಪುರದಿಂದ ಪರ್ತ್‌ಗೆ ಹೋದ ಪಿಯರ್ಸ್ ಮನೆತನದ ಐವರು ಅಣ್ಣತಮ್ಮಂದಿರು ಆಸ್ಟ್ರೇಲಿಯಾ ಪರ ಹಾಕಿ ಆಡಿದರು! ಇಲ್ಲಿ ಕಲಿತ ಸ್ಟಿಕ್ಕು ಅಲ್ಲಿ ಕೆಲಸ ಮಾಡಿತು. ರಾಯನ್ ವಿಲಿಯಮ್ಸ್ ಅದೇ ಪರ್ತ್‌ನಿಂದ ಉಲ್ಟಾ ಬಂದವರು. ಜನ ಹೋಗ್ತಾರೆ, ಬರ್ತಾರೆ, ಜೊತೆಗೆ ಆಟವೂ ಹೋಗಿ ಬರುತ್ತದೆ.

"ಹಾಗಾದ್ರೆ ನಮ್ಮ ಹುಡುಗರ ಗತಿ?"

ಇದು ನನಗೆ ಎದುರಾಗುವ ಗಟ್ಟಿ ಆಕ್ಷೇಪ, ತಳ್ಳಿಹಾಕೋಕಾಗಲ್ಲ. ಹೊರಗಿನಿಂದ ಹತ್ತು ಜನ ಸಿದ್ಧ ಆಟಗಾರರು ಬಂದರೆ ಇಲ್ಲಿ ಬರಿಗಾಲಲ್ಲಿ ಆಡಿ ಬೆಳೆದ ಹುಡುಗನ ಜಾಗ ಹೋಗೋದಿಲ್ಲವೇ?

ಹೋಗಬಹುದು. ಆದರೆ ಆ ಹುಡುಗನ ಹೆಸರು ಹೇಳಿ ಕಣ್ಣೀರು ಹಾಕುವವರು ಅವನಿಗೆ ಏನು ಮಾಡಿದ್ದಾರೆ? ಧಾರವಾಡದಿಂದ ಹಳಿಯಾಳಕ್ಕೆ ಒಂದು ತಾಸಿನ ದಾರಿ. ಅಲ್ಲಿಂದ ಯಲ್ಲಾಪುರ, ಮುಂಡಗೋಡದವರೆಗೆ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಪೂರ್ವಜರು ಆಫ್ರಿಕಾದವರು, ಬಂದು ಶತಮಾನಗಳಾದವು. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಈ ಮಕ್ಕಳನ್ನು ಆರಿಸಿ ತರಬೇತಿ ಕೊಡಲು ಶುರು ಮಾಡಿತು. ಕಮಲಾ ಸಿದ್ದಿ, ಜೂಜೆ ಜಾಕಿಯಂಥ ಓಟಗಾರರು ಬಂದರು, ಪದಕ ತಂದರು. 1993ರಲ್ಲಿ ಆ ಯೋಜನೆ ನಿಂತುಹೋಯಿತು. ಅದನ್ನು ನಿಲ್ಲಿಸಿದ್ದು ಯಾವ ಓಸಿಐ ಹುಡುಗನೂ ಅಲ್ಲ.

ಸಿದ್ದಿಗಳ ಹತ್ತಿರ ರೇಷನ್ ಕಾರ್ಡ್ ಇದೆ, ವೋಟರ್ ಐಡಿ ಇದೆ. ಹೊಲ ಇಲ್ಲಿದೆ, ದೇವರು ಇಲ್ಲಿದ್ದಾನೆ, ಕನ್ನಡ-ಕೊಂಕಣಿ ಬಾಯಲ್ಲಿದೆ. ಆದರೂ ಬಸ್ಸಿನಲ್ಲಿ ಪಕ್ಕ ಕೂತವರು ಇವತ್ತಿಗೂ ಕೇಳ್ತಾರೆ: "ನೀವು ಯಾವ ದೇಶದವರು?" ಇದನ್ನು ನಾನೇ ಹಳಿಯಾಳದ ಬಸ್ಸಿನಲ್ಲಿ ಕೇಳಿದ್ದೇನೆ. ನೋಡಿ, ಪಾಸ್‌ಪೋರ್ಟೇ ಅಳತೆಗೋಲು ಅಂತ ನಾವು ಹೇಳೋದೂ ಸುಳ್ಳು. ಕಾಗದ ಇಲ್ಲದವನಿಗೆ ಕಾಗದ ಕೇಳ್ತೀವಿ, ಕಾಗದ ಇದ್ದವನಿಗೆ ಮುಖ ನೋಡ್ತೀವಿ.

ಇನ್ನು ಬಂದವನಿಗೆ ನಾವು ಕೊಟ್ಟಿದ್ದೇನು? ರಾಯನ್ ಭಾರತೀಯರಾದ ಅದೇ 2025ರಲ್ಲಿ ಐಎಸ್ಎಲ್ ಒಪ್ಪಂದದ ಗೋಜಲಿನಲ್ಲಿ ಲೀಗ್ ಸೆಪ್ಟೆಂಬರಿನಲ್ಲಿ ಶುರುವಾಗಬೇಕಿದ್ದದ್ದು ವರ್ಷ ಮುಗಿದರೂ ಶುರುವಾಗಲಿಲ್ಲ. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ವೇತನ ಅನಿರ್ದಿಷ್ಟಾವಧಿಗೆ ನಿಲ್ಲಿಸುವುದಾಗಿ ಪ್ರಕಟಿಸಿತ್ತು. ಅಕ್ಟೋಬರಿನಲ್ಲಿ ಸಿಂಗಪುರದ ಮುಂದೆ ಸೋತು 2027ರ ಏಷ್ಯನ್ ಕಪ್ಪಿನ ದಾರಿಯೂ ಮುಚ್ಚಿತ್ತು. ಅಂಥ ಹೊತ್ತಿನಲ್ಲಿ ಒಬ್ಬ ಮನುಷ್ಯ ಹಳೆಯ ಪಾಸ್‌ಪೋರ್ಟ್ ಒಪ್ಪಿಸಿ ಬಂದ. ಅದು ಅವನ ದೊಡ್ಡತನ. ಅದನ್ನು ಉಳಿದವರ ತಲೆಗೆ ಹೊಡೆಯುವ ಬಡಿಗೆ ಮಾಡಿಕೊಳ್ಳೋದು ನಮ್ಮ ಸಣ್ಣತನ.

ನಾನು ಕೇಳೋದು ಇಷ್ಟು

ಒಂದು: ಭಾರತೀಯ ತಂದೆ-ತಾಯಿಗೆ ಹೊರದೇಶದಲ್ಲಿ ಹುಟ್ಟಿದ ಮಕ್ಕಳಿಗಾದರೂ ಎರಡು ಪೌರತ್ವ ಇಟ್ಟುಕೊಳ್ಳಲು ಬಿಡಬೇಕು. ಆಟಕ್ಕಷ್ಟೇ ಅಲ್ಲ, ನ್ಯಾಯಕ್ಕೂ. ವಿಭಜನೆಯ ಕಾಲದ ಭಯಗಳನ್ನು ಎಪ್ಪತ್ತು ವರ್ಷಗಳ ನಂತರವೂ ಹದಿನೈದರ ಹುಡುಗನ ಮೇಲೆ ಹೊರಿಸಬೇಕಾಗಿಲ್ಲ.

ಎರಡು: ಭದ್ರತೆಯ ಕಾರಣಕ್ಕೋ ಇನ್ನಾವುದಕ್ಕೋ ಅದು ಸಾಧ್ಯವೇ ಇಲ್ಲ ಅಂತ ಸರ್ಕಾರ ಅಂದುಕೊಂಡರೆ, ಸರಿ, ಅದೂ ಒಂದು ನಿಲುವು. ಆಗ ಆ ಮಕ್ಕಳು ತಾವು ಬೆಳೆದ ದೇಶಕ್ಕೆ ಆಡಿದರೆ ಬಾಯಿ ಮುಚ್ಚಿಕೊಂಡು ಇರೋಣ. ಬಾಗಿಲು ಹಾಕಿ ಒಳಗೆ ಕೂತು, ಹೊರಗಿದ್ದವನಿಗೆ "ಯಾಕೆ ಬರಲಿಲ್ಲ" ಅಂತ ಕೇಳಬೇಡಿ.

ಮೂರು: ಬಂದವರೂ ಬಾರದವರೂ ನಮ್ಮ ಫುಟ್‌ಬಾಲನ್ನು ಉದ್ಧಾರ ಮಾಡೋದಿಲ್ಲ. ಮೊರಾಕೊ ಹೊರಗಿನ ಮಕ್ಕಳನ್ನು ಕರೆದದ್ದು ನಿಜ, ಜೊತೆಗೆ ಮನೆಯಲ್ಲೂ ಅಕಾಡೆಮಿ ಕಟ್ಟಿತು. ನಮ್ಮ ಅವಳಿ ನಗರದಲ್ಲಿ ಸಂಜೆ ಫುಟ್‌ಬಾಲ್ ಆಡೋಕೆ ಹೊರಟ ಹುಡುಗರು ಕ್ರಿಕೆಟ್ ಪಿಚ್ಚು, ಸಭೆಯ ಶಾಮಿಯಾನ, ವಾಕಿಂಗ್ ಹಿರಿಯರು ಎಲ್ಲ ದಾಟಿ ಯಾವ ಮೂಲೆಗೆ ಹೋಗ್ತಾರೆ ಅಂತ ಒಮ್ಮೆ ನೋಡಿ ಬನ್ನಿ.

ಬೆಳಗಾವಿ, ಸೊಲ್ಲಾಪುರ, ಕಾಸರಗೋಡಿನಲ್ಲಿ ಕೂತು ಓದುತ್ತಿರುವ ಗೆಳೆಯರಿಗೆ, ಅಮೆರಿಕದಲ್ಲೋ ದುಬೈನಲ್ಲೋ ಮಕ್ಕಳನ್ನು ಬೆಳೆಸುತ್ತಿರುವವರಿಗೆ ಈ ವಿಷಯ ನನಗಿಂತ ಚೆನ್ನಾಗಿ ಗೊತ್ತು. "ನೀವು ಯಾವ ಕಡೆಯವರು?" ಅಂತ ಕೇಳಿಸಿಕೊಂಡು ಸಾಕಾಗಿರುತ್ತೆ ನಿಮಗೆ. ನೀವೇನಂತೀರಿ? ಒಪ್ಪದಿದ್ದರೂ ಬರೀರಿ, ಜಗಳಕ್ಕೆ ನಾನು ತಯಾರು :-)

ಕೊಸರು: ನಮ್ಮ ನೆಂಟರಲ್ಲಿ ಒಬ್ಬರು ರಚಿನ್ ಬಗ್ಗೆ ಈಗಲೂ ಸಿಟ್ಟಾಗಿದ್ದಾರೆ. ಅವರ ಮಗ ಕಳೆದ ವರ್ಷ ಕೆನಡಾದ ಪೌರತ್ವ ಪಡೆದ. ಮನೆಯಲ್ಲಿ ಪೇಡಾ ಹಂಚಿದರು. ನಾನೂ ಎರಡು ತಿಂದು ಬಂದೆ.